ಇನ್ನೂರನೆಯ ಕಡೆ

ಅಪ್ಪಾ,

ಗಡಿಯೂರು ಮೇ ಸೋಟ್‌ನ ನಿನ್ನ ಲ್ಯಾಬಿನಲ್ಲಿ, ನಿನ್ನ ಕುರ್ಚಿಯಲ್ಲೇ ಕೂತು ಇವತ್ತು ನಾನು ಯಂತ್ರವನ್ನು ಸೋಲಿಸಿದೆ.

ಮಲೇರಿಯಾ ಹುಡುಕುವ ಹೊಸ ಯಂತ್ರವನ್ನು ಇಲ್ಲಿ ಪರೀಕ್ಷಿಸುತ್ತಿದ್ದಾರೆ. ಅದು ಓದಿದ, ರಕ್ತ ಸವರಿದ ಪ್ರತಿ ಗಾಜನ್ನು ನಾನೂ ಸೂಕ್ಷ್ಮದರ್ಶಕದಲ್ಲಿ ಓದಬೇಕು. ಗಡಿಯ ನದಿಯಾಚೆಯಿಂದ ಬಂದ 'ನೋ ಎ ಮೂ' ಎಂಬ ಬಸುರಿಯ ಗಾಜು ನೋಡಿ ಯಂತ್ರ 'ಇಲ್ಲ' ಎಂದಿತ್ತು.

"ಸ್ಕೂಲು ಬಿಟ್ಟೋಳು ಯಂತ್ರಕ್ಕೇ ಪಾಠ ಹೇಳ್ತೀಯೇನೇ? ಅನ್ನ ಆರೋಗ್ತಿದೆ, ಬಾ," ಎಂದು ಮೇಲ್ವಿಚಾರಕಿ ವಾರಿ ಅಕ್ಕ ಕರೆದರು.

"ಇದೆ ಅನ್ನೋಕೆ ಒಂದು ಕಡೆ ಸಾಕು ಅಕ್ಕಾ. ಇಲ್ಲ ಅನ್ನೋಕೆ ಗಾಜಿನ ಇನ್ನೂರು ಕಡೆ ನೋಡ್ಬೇಕು. ಅಪ್ಪ ಹೇಳ್ತಿದ್ದ."

ಗಾಜು ಸರಿಸುತ್ತಾ ಎಣಿಸಿದೆ. ನೂರ ಎಂಬತ್ತೇಳನೆಯ ಕಡೆ ಸಿಕ್ಕಿತು, ಕೆಂಪು ಹರಳಿಟ್ಟ ಪುಟ್ಟ ನೀಲಿ ಉಂಗುರದಂಥ ಮಲೇರಿಯಾ ರೋಗಾಣು. ಅಕ್ಕ ಬಗ್ಗಿ ನೋಡಿದವರೇ ಡಾಕ್ಟರ ಬಳಿ ಓಡಿದರು. ಸಂಜೆಯೊಳಗೆ ಆ ಹೆಂಗಸಿಗೆ ಔಷಧಿ ಶುರುವಾಯಿತು. ಯಂತ್ರ ಮಾಡಿದವರಿಗೆ ಉಂಗುರದ ಚಿತ್ರ ಹೋಗಿದೆ. ಇನ್ನು ಅದು ನನ್ನಿಂದ ಕಲಿಯಬೇಕು.

ಮೂರು ವರ್ಷದ ಹಿಂದೆ ನಾನು ನೂರಕ್ಕೇ ನಿಲ್ಲಿಸಿ 'ಇಲ್ಲ' ಎಂದು ಬರೆದಿದ್ದೆ. ಇನ್ನೂರೂ ನೋಡಿದೆಯಾ ಎಂದು ನೀನು ಕೇಳಿದೆ, ಇಲ್ಲವೆಂದು ನಾನು ಒಪ್ಪಿಕೊಂಡೆ. "ಹಾಗಾದ್ರೆ ಏಳು ಕುರ್ಚಿಯಿಂದ," ಎಂದು ನೀನು ಬೈದೆ. ಎದ್ದವಳು ಬ್ಯಾಂಕಾಕಿನ ಬಸ್ಸು ಹತ್ತಿದೆ. ತಿರುಗಿ ಬರುವಷ್ಟರಲ್ಲಿ ನಿನ್ನನ್ನು ಮಣ್ಣು ಮಾಡಿಯಾಗಿತ್ತು.

ಇವತ್ತು ವಾರಿ ಅಕ್ಕ ಡಾಕ್ಟರ ಬಳಿಯಿಂದ ವಾಪಸು ಬಂದಾಗ ನಾನಿನ್ನೂ ಗಾಜು ಸರಿಸುತ್ತಿದ್ದೆ.

"ಸಿಕ್ತಲ್ಲ ಮಾರಾಯ್ತಿ, ಇನ್ನೇನು ಹುಡುಕ್ತಿದೀಯ?"

"ಇನ್ನೂ ಹದಿಮೂರು ಉಳಿದಿವೆ," ಎಂದೆ.

ಅವನ್ನೂ ನೋಡಿ ಮುಗಿಸಿಯೇ ಕುರ್ಚಿಯಿಂದ ಎದ್ದೆ, ಅಪ್ಪಾ.