ನೀಲಿಗೆ ಆರಾಮ ಇಲ್ಲ

ಬುಧವಾರ, ೧೯ ನವೆಂಬರ್ ೨೦೨೫

ಮರೆವ್ವ ಕೇಳಿದ ಪ್ರಶ್ನೆ ಬೆಳಗಿನಿಂದ ತಲೆಯಲ್ಲೇ ಕೂತಿದೆ.

ನಮ್ಮೂರ ಹಾಲಿನ ಡೈರಿಗೆ ನಾನು ಸೆಕ್ರೆಟರಿಯಾಗಿ ಎರಡು ವರ್ಷವಾಯಿತು. ಹಾಲಿಗೆ ನೀರು ಬೆರೆಸುವವರ ಹೆಸರು ಬರೆಯಲೆಂದೇ ಬೈಲಹೊಂಗಲದಿಂದ ಕರಿಹಲಗೆ ತರಿಸಿದೆ. ಎಲ್ಲರೆದುರು ಬೈದೆ. ನೀರು ನಿಲ್ಲಲಿಲ್ಲ, ನಾಲ್ಕು ಮನೆಯವರು ಹಾಲು ಹಾಕುವುದನ್ನೇ ಬಿಟ್ಟರು.

ಮರೆವ್ವ ಹಾಲು ಅಳೆಯುವ ಕೆಲಸಕ್ಕೆ ಸೇರಿದ್ದು ಹೋದ ತಿಂಗಳು. ಕಳೆದ ವಾರ ಉಳವಪ್ಪನ ಹಾಲಿನಲ್ಲಿ ನೀರು ಸಿಕ್ಕಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮೆಲ್ಲಗೆ ಕೇಳಿದಳು: “ಕಾಕಾ, ನಿಮ್ಮ ನೀಲಿಗೆ ಆರಾಮ ಇಲ್ಲೇನ್ರಿ? ಹಾಲು ತೆಳ್ಳಗ ಬಂದೈತಿ. ಸಂಜಿಕ ಬಂದು ನೋಡತೇನ್ರಿ.”

ನೀಲಿ ಅವನ ಎಮ್ಮೆ, ಗುಂಡುಕಲ್ಲಿನಂತಿದೆ. ಆದರೂ ಸಂಜೆ ಇವಳು ಎಮ್ಮೆಯ ಮದ್ದಿಗೆಂದು ಒಂದು ಹಿಡಿ ಅಜವಾನ ಕಟ್ಟಿಕೊಂಡು ನಿಜಕ್ಕೂ ಹೋದಳು. ಮರುದಿನದಿಂದ ಉಳವಪ್ಪನ ಹಾಲು ಗಟ್ಟಿ. “ನೀಲಿ ಆರಾಮ ಆಗೈತವ್ವಾ” ಎಂದ, ತಲೆ ತಗ್ಗಿಸದೆ. ನನ್ನ ಎರಡು ವರ್ಷದ ಬೈಗುಳಕ್ಕೆ ಆಗದ್ದು ಒಂದು ಹಿಡಿ ಅಜವಾನಕ್ಕೆ ಆಯಿತು. ಕಣ್ಣಾರೆ ಕಂಡೂ ನಂಬಲಾಗುತ್ತಿಲ್ಲ. ಇದನ್ನು ಇವಳಿಗೆ ಯಾರು ಕಲಿಸಿದರು?

ಇಂದು ಬೆಳಿಗ್ಗೆ ಸರದಿ ತಪ್ಪಿಸಿ ಬಂದ ಮುದುಕಿಯೊಬ್ಬಳ ಮೇಲೆ ನಾನು ಹರಿಹಾಯ್ದೆ. ಎಲ್ಲರೂ ಹೋದ ಮೇಲೆ ಮರೆವ್ವ ಕ್ಯಾನು ತೊಳೆಯುತ್ತ ಕೇಳಿದಳು: “ಸಾಹೇಬ್ರ, ರಾತ್ರಿ ನಿದ್ದಿ ಆಗಿಲ್ಲೇನ್ರಿ?”

“ಹೂಂ, ಆಗಿಲ್ಲ” ಎಂದೆ.

ಈಗ ಊಟಕ್ಕೆ ಕೂತಾಗ ಹೊಳೆಯಿತು. ನಿನ್ನೆ ನಾನು ಒಂಬತ್ತಕ್ಕೇ ಮಲಗಿ, ಬೆಳಗಿನವರೆಗೆ ಮಗ್ಗುಲು ಕೂಡ ಬದಲಿಸಿರಲಿಲ್ಲ.