ನಿಂತು ಉಣ್ಣುವ ಮನೆಯ ಹೆಣ್ಣುಮಕ್ಕಳು

ಗದಗ, ಇಸವಿ ೨೧೬೮, ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ನನ್ನ ಮುತ್ತಜ್ಜಿಯ ಅಜ್ಜಿಯಾದ ದಾಕ್ಷಾಯಿಣಿ ಟೀಚರ್ ಅವರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಬರಗಾಲದಲ್ಲಿ ಅಧಿಕ ಮಾಸ ಎಂದು ನಿಮ್ಮವರು ಗೊಣಗುತ್ತಿದ್ದರಂತೆ, ನಮಗೆ ಅದು ಪ್ರತಿವರ್ಷದ ಪಾಡು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಹಿಂದಿನ ಕಾಲಕ್ಕೆ ಹೋಗುವ ಟಪಾಲಿನಲ್ಲಿ ಒಬ್ಬೊಬ್ಬರಿಗೆ ಆಯುಷ್ಯದಲ್ಲಿ ಒಂದೇ ಪತ್ರ. ನಡುವೆ ಯಾರು ಒಡೆದು ಓದುತ್ತಾರೋ, ನನಗೆ ನಂಬಿಕೆಯಿಲ್ಲ, ಓದಿದರೆ ಓದಲಿ. ನಿಮಗೀಗ ನಲವತ್ತಾರು, ನನಗೆ ಐವತ್ತು. ನನಗಿಂತ ಚಿಕ್ಕವರನ್ನು ಅಜ್ಜಿ ಅನ್ನಲು ನಗು ಬರುತ್ತದೆ, ಆದರೂ ಹಾಗೆಯೇ ಕರೆಯುತ್ತೇನೆ.

ಅಜ್ಜಿ, ನಿಮ್ಮಂತೆ ನನಗೂ ಸಕ್ಕರೆ ಕಾಯಿಲೆ. ನಮ್ಮ ತೋಳಿಗೆ 'ಮೈಯೋದು' ಎಂಬ ಬಿಲ್ಲೆ ಅಂಟಿಸಿರುತ್ತಾರೆ. ಅದು ಇಡೀ ದಿನ ರಕ್ತದ ಸಕ್ಕರೆ ಓದಿ ಅಂಕಿಯನ್ನು ಮನೆಯ ಬಾಗಿಲ ಮೇಲೆ ಬೆಳಗಿಸುತ್ತದೆ. ಓಣಿಯವರಿಗೆ ಬೇರೆ ಕೆಲಸವೇ ಬೇಡ. "ನಿನ್ನೆ ಇನ್ನೂರಾ ಹತ್ತು ತೋರಸ್ತಿತ್ತಲ್ಲ ನೀಲವ್ವಾ, ಯಾರ ಮನ್ಯಾಗ ಹೋಳಿಗಿ ತಿಂದಿ?" ಎಂದು ಪಕ್ಕದ ಮನೆಯ ಸಾತವ್ವ ಮುಸುಮುಸು ನಗುತ್ತಾಳೆ. ಊಟ ಓಣಿಯ ಸಾಲುಮನೆಯಲ್ಲಿ, ಅಂದರೆ ಎಲ್ಲರಿಗೂ ಸೇರಿ ಇರುವ ಒಂದೇ ಅಡುಗೆಮನೆಯಲ್ಲಿ. ತಟ್ಟೆ ನನ್ನ ಬಿಲ್ಲೆಯನ್ನು ಕೇಳಿಕೊಂಡು ಜೋಳದ ರೊಟ್ಟಿ ಎಷ್ಟೆಂದು ತೀರ್ಮಾನಿಸುತ್ತದೆ, ಬೆಲ್ಲಕ್ಕೆ ಕೈ ಹಾಕಿದರೆ ಮುಚ್ಚಿಕೊಳ್ಳುತ್ತದೆ. ನನ್ನ ಬಗ್ಗೆ ನನಗಿಂತ ಹೆಚ್ಚು ಗೊತ್ತಿದೆ ಅನ್ನುವ ಯಾವ ವಸ್ತುವನ್ನೂ ನಾನು ನಂಬುವವಳಲ್ಲ.

ಯಾಕೆಂದರೆ ಅದಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ. ನನ್ನ ಯೋನಿಯ ಬಾಯಲ್ಲಿ, ಅದರ ಎರಡೂ ಪಕ್ಕದ ತುಟಿಗಳಲ್ಲಿ, ಇಪ್ಪತ್ತೆಂಟು ವರ್ಷಗಳಿಂದ ಉರಿ. ಗಾಯಕ್ಕೆ ಖಾರಪುಡಿ ಬಿದ್ದಂಥ ಉರಿ. ಬಟ್ಟೆಯ ಹೊಲಿಗೆ ತಾಗಿದರೆ ಸಾಕು. ಕೂತರಂತೂ ಕಣ್ಣಲ್ಲಿ ನೀರು. ಗಂಡನ ಜೊತೆ ಮಲಗುವುದನ್ನು ಬಿಟ್ಟು ಹನ್ನೊಂದು ವರ್ಷವಾಯಿತು. ಅವನು ಒಳ್ಳೆಯವನು, ಏನೂ ಕೇಳುವುದಿಲ್ಲ, ಆ ಕೇಳದಿರುವಿಕೆಯ ಮೇಲೂ ನನಗೆ ಗುಮಾನಿ. ಸಕ್ಕರೆ ಏರಿದಾಗ ಅಲ್ಲಿ ಸೋಂಕು ಬಂದು ತುರಿಸುವುದುಂಟು. ಅದಕ್ಕೆ ಔಷಧ ಇದೆ, ಹೋಗುತ್ತದೆ. ಇದು ಹೋಗುವುದಿಲ್ಲ. "ಸಕ್ಕರಿ ಇಳಿಸ್ರಿ, ಎಲ್ಲಾ ತಾನ ಇಳೀತೈತಿ" ಅಂದರು ವೈದ್ಯರು. ಒಂದು ವರ್ಷ ಸಿಹಿಯ ಮುಖ ನೋಡಲಿಲ್ಲ. ಬಾಗಿಲ ಮೇಲಿನ ಅಂಕಿ ನೂರಾ ಹತ್ತಕ್ಕೆ ಇಳಿಯಿತು. ಸಾತವ್ವನೂ ಮೆಚ್ಚಿದಳು. ಉರಿ ಮಾತ್ರ ಇದ್ದಲ್ಲೇ ಇತ್ತು.

ನಮ್ಮಲ್ಲಿ ಔಷಧ ಕೊಡುವುದು 'ವಂಶದೋಲೆ'ಯನ್ನು ನೋಡಿಯೇ. ತಾಯಿ, ಅಜ್ಜಿ, ಮುತ್ತಜ್ಜಿ ಹೀಗೆ ನಿಮ್ಮವರೆಗಿನ ಹೆಂಗಸರು ಡಾಕ್ಟರ ಮುಂದೆ ಹೇಳಿಕೊಂಡ ಪ್ರತಿ ನೋವಿನ ದಾಖಲೆ ಅದು. ಎರಡು ವರ್ಷದ ಹಿಂದೆ ಒಬ್ಬ ಹೊಸ ವೈದ್ಯೆ ಓಲೆಯನ್ನು ಬದಿಗಿಟ್ಟು, ನನ್ನನ್ನು ನೋಡಿ, ಆ ಜಾಗವನ್ನು ಮರಗಟ್ಟಿಸುವ ಮುಲಾಮು ಕೊಟ್ಟಳು. ಮೊದಲ ಸಲ ಅರ್ಧ ಗಂಟೆ ಕೂತು ಚಹಾ ಕುಡಿದು ಅತ್ತುಬಿಟ್ಟೆ. ಈಗ ಓಲೆಯ ಮಂಡಳಿಯವರು ಆಕ್ಷೇಪ ಎತ್ತಿದ್ದಾರೆ. "ನಿಮ್ಮ ವಂಶದಾಗ ಈ ಬ್ಯಾನಿ ಯಾರಿಗೂ ಇಲ್ರಿ. ಎಲ್ಲಾರಿಗೂ ಬರೇ ಸೊಂಟನೋವು." ಇನ್ನು ಎಂಟು ದಿನಕ್ಕೆ ತೀರ್ಪು. ನೋವು ಇಲ್ಲ ಎಂದು ಬರೆದರೆ ಮುಲಾಮು ನಿಲ್ಲುತ್ತದೆ, ಹತ್ತೊಂಬತ್ತರ ನನ್ನ ಮಗಳು ಮುಕ್ತಾಳಿಗೂ ಆ ಬಾಗಿಲು ಮುಚ್ಚುತ್ತದೆ.

ಓಲೆಯನ್ನು ಯಾರೋ ತಿದ್ದಿದ್ದಾರೆ ಎಂದುಕೊಂಡು ನಾನೇ ತರಿಸಿ ಓದಿದೆ. ತಿದ್ದಿರಲಿಲ್ಲ. ಐದೂ ತಲೆಮಾರಿನಲ್ಲಿ ಸೊಂಟನೋವು, ಎಲ್ಲರಿಗೂ ಇಪ್ಪತ್ತರ ಆಚೀಚೆ ಶುರು. ಒಬ್ಬರ ಬೆನ್ನಿನ ಚಿತ್ರದಲ್ಲೂ ಒಂದು ಊನ ಕಂಡಿಲ್ಲ. ಆಗ ನನ್ನ ಸಂಶಯ ದಿಕ್ಕು ಬದಲಿಸಿತು. ಊರಿನಲ್ಲಿ ನಮಗೆ ನಿಂತು ಉಣ್ಣುವ ಮನೆಯವರು ಎಂದು ಹೆಸರು. ನಮ್ಮ ಹೆಣ್ಣುಮಕ್ಕಳು ಊಟಕ್ಕೆ ಕೂರುವುದಿಲ್ಲ. ಮನೆದೇವಿಗೆ ಹಿರಿಯರು ಹೊತ್ತ ಹರಕೆಯಂತೆ. ಆದರೆ ಸೊಸೆಯಂದಿರು ಕೂರಬಹುದು. ಹೆತ್ತವಳಿಂದ ಮಗಳಿಗೆ ಮಾತ್ರ ತಗಲುವ ಹರಕೆ ಲೋಕದಲ್ಲಿ ಎಲ್ಲಾದರೂ ಉಂಟೇ, ಅಜ್ಜಿ?

ನಿಮ್ಮ ತಮ್ಮನ ಮನೆಯ ಗೃಹಪ್ರವೇಶದ ವಿಡಿಯೊ ಉಳಿದುಕೊಂಡಿದೆ. ಮೂರು ಪಂಕ್ತಿಗೂ ನೀವೇ ಬಡಿಸಿದಿರಿ. ಯಾರೋ "ಟೀಚರ್, ಇನ್ನರ ಕುಂದರ್ರಿ" ಅಂದರೆ, ನೀವು ಒಂದು ಗಳಿಗೆ ತಡೆದು "ನಂದು ಹರಕಿ ಐತ್ರಿ, ನೀವು ಉಣ್ರಿ" ಅಂದಿರಿ. ಅದಕ್ಕಿಂತ ಹಿಂದೆ ಆ ಹರಕೆಯ ಸುದ್ದಿ ಎಲ್ಲೂ ಸಿಗಲಿಲ್ಲ. ಅದನ್ನು ಅಲ್ಲೇ, ಆ ಗಳಿಗೆಯಲ್ಲೇ ಹುಟ್ಟಿಸಿದವರು ನೀವು ಎಂದು ನನ್ನ ಗುಮಾನಿ. ಶಾಲೆಯಲ್ಲಿ ನಿಮ್ಮನ್ನು ಕುರ್ಚಿ ಮುಟ್ಟದ ಟೀಚರ್ ಎಂದು ಹೊಗಳುತ್ತಾರಂತೆ, ಅದು ಶಿಸ್ತು ಎಂಬುದನ್ನೂ ನಾನು ನಂಬುವುದಿಲ್ಲ. ನಿಮ್ಮ ಮೇಲೆ ಮೂರು ದಿನ ಸಿಟ್ಟಿನಲ್ಲಿದ್ದೆ, ಬೈದೆ ಕೂಡ.

ನಾಲ್ಕನೆಯ ದಿನ ಓಲೆಯಲ್ಲಿ ನನ್ನದೇ ಪುಟ ತೆರೆದೆ. ಇಪ್ಪತ್ತೆರಡನೆಯ ವಯಸ್ಸಿನ ನನ್ನ ದನಿ ಅದರಲ್ಲಿದೆ. ಎಲ್ಲಿ ನೋವು ಎಂದು ಡಾಕ್ಟರು ಕೇಳುತ್ತಾರೆ. ಪರದೆಯ ಪಕ್ಕ ನನ್ನ ಅವ್ವ ನಿಂತಿದ್ದಳು, ನೆನಪಿದೆ. "ಸೊಂಟರೀ" ಅಂದೆ. ಸಲೀಸಾಗಿ, ಯಾರೋ ಹೇಳಿಕೊಟ್ಟ ಹಾಗೆ.

ಮಂಡಳಿಯ ಮುಂದೆ ಇದನ್ನು ಒಪ್ಪಿಕೊಂಡೆ. ಅಂದು ಸುಳ್ಳು ಹೇಳಿದವಳು ಇಂದು ನಿಜ ಹೇಳುತ್ತಿರುವಳೆಂದು ಹೇಗೆ ನಂಬುವುದು ಅಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಹೋದ ವಾರ ಮುಕ್ತಾ ಸಕ್ಕರೆಯ ತಪಾಸಣೆಗೆ ಹೋಗಿ ಬಂದಳು. ಮತ್ತೇನಾದರೂ ಹೇಳಿದೆಯಾ ಎಂದು ಸುಮ್ಮನೆ ಕೇಳಿದೆ. ಅವಳು ನನ್ನ ಮುಖ ನೋಡದೆ "ಸೊಂಟ ನೋಯ್ತೈತಿ ಅಂತ ಹೇಳೇನಿ, ಅವ್ವಾ" ಅಂದಳು. ನಾನು ಅವಳಿಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಅಜ್ಜಿ, ಬರುವ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ನೀವು ಸಕ್ಕರೆ ತೋರಿಸಲು ಹೋಗುತ್ತೀರಿ ಎಂದು ಓಲೆಯಲ್ಲಿದೆ. ಡಾಕ್ಟರಮ್ಮ ತಲೆ ಎತ್ತದೆ ಬರೆಯುತ್ತಾ "ಮತ್ತೇನರ ತ್ರಾಸ ಐತೇನ್ರಿ?" ಅನ್ನುತ್ತಾರೆ. ಓಲೆಯ ಮೊದಲ ಸೊಂಟನೋವು ಅಂದಿನ ನಿಮ್ಮ ಉತ್ತರವೇ. ಮಗಳು ನಿಮ್ಮ ಪಕ್ಕದಲ್ಲಿ ಇರುತ್ತಾಳೆ. ಅವಳನ್ನು ಹೊರಗೆ ಕಳಿಸಬೇಡಿ, ಕೇಳಿಸಿಕೊಳ್ಳಲಿ. ನೋಯುವ ಜಾಗದ ಹೆಸರು ಹೇಳಿ. ನೀವು ಹೇಳಿದರೆ ಈ ಪತ್ರ ಬರೆದ ನೀಲಗಂಗಾ ಇರುತ್ತಾಳೋ ಇಲ್ಲವೋ, ಅಡ್ಡಿಯಿಲ್ಲ. ಹೇಳಿದ್ದನ್ನು ಅವರು ಬರೆಯಲಿಕ್ಕಿಲ್ಲ, ಸಕ್ಕರೆಯ ಲೆಕ್ಕಕ್ಕೇ ಹಾಕಿಬಿಡಬಹುದು. ಏನು ಬರೆದರೆಂದು ಬಗ್ಗಿ ನೋಡಿ. ಬರೆಯುವ ತನಕ ಅಲ್ಲಿಂದ ಕದಲಬೇಡಿ.

ಮುಕ್ತಾಳ ಅವ್ವ,
ನೀಲಗಂಗಾ