ಬೆನ್ನಿನ ಸೂಜಿ, ಎದೆಯ ಬ್ಯಾನಿ

ಬೆಳಗಾವಿ, ಆಸ್ಪತ್ರೆಯಿಂದ
14 ನವೆಂಬರ್ 2024

ಸುರೇಬಾನದಲ್ಲಿರುವ ನನ್ನ ಬಸುರಿ ಮಗಳು ರೇಣುಗೆ, ಅವ್ವನ ಆಶೀರ್ವಾದ.

ಮೊದಲು ಕುಳಿತುಕೋ. ಕಿತ್ತೂರಿಗೆ ಮದುವೆಗೆ ಹೊರಟಿದ್ದೇನೆ ಎಂದದ್ದು ಸುಳ್ಳು. ನನ್ನ ಹೃದಯದ ಕವಾಟ ಸೋರುತ್ತಿತ್ತು. ಆಪರೇಶನ್ ಆಯಿತು, ಆರಾಮಿದ್ದೇನೆ. ಬಸುರಿಯ ಕಿವಿಗೆ ಇಂಥದ್ದು ಹಾಕಬಾರದು ಎಂದು ನಿಮ್ಮಪ್ಪ ತಡೆದಿದ್ದರು. ಫೋನಿನಲ್ಲಾದರೆ ನನ್ನ ದನಿ ನನ್ನ ಮಾತು ಕೇಳುವುದಿಲ್ಲ, ಅದಕ್ಕೇ ಪತ್ರ. ನಾನು ಆಪರೇಶನ್ನಿಗೆ ಒಪ್ಪಿದ್ದೇ ನಿನ್ನ ಬಾಣಂತನ ಬೇರೆಯವರ ಕೈಗೆ ಬಿಡಲು ಮನಸ್ಸಿಲ್ಲದೆ.

ಎದೆ ಸೀಳಲಿಲ್ಲ. ಬಲಗಡೆ ಪಕ್ಕೆಲುಬುಗಳ ನಡುವೆ ಸಣ್ಣ ಗಾಯ ಮಾಡಿ ಅಲ್ಲಿಂದಲೇ ಎಲ್ಲ ರಿಪೇರಿ. ನನಗೆ ಸೋಜಿಗವಾದದ್ದು ಬೇರೆ. ನೋವು ಬಾರದಿರಲೆಂದು ಬೆನ್ನಿನೊಳಗೆ ಕೂದಲೆಳೆಯಂಥ ನಳಿಗೆ ಇಟ್ಟರು, ಎಪಿಡ್ಯೂರಲ್ ಅಂತೆ. ಎದೆಯ ನೋವಿಗೆ ಬೆನ್ನಿಗೇಕೆ ಚುಚ್ಚುತ್ತಾರೆ? ಅರಿವಳಿಕೆ ಕೊಡುವ ಡಾಕ್ಟರ್ ಗೌರೀಶರನ್ನು ನಾನು ಬಿಡಲಿಲ್ಲ. ಎದೆಯ ನರಗಳೆಲ್ಲ ಬೆನ್ನಿನಿಂದಲೇ ಸುತ್ತಿ ಬರುತ್ತವಂತೆ. "ನಿಮ್ಮ ಹೊಲದಾಗ ಮ್ಯಾಲಿನ ವಾಲ್ವ್ ಬಂದ್ ಮಾಡಿದ್ರ ಕೆಳಗಿನ ಮಡಿಗೆ ನೀರು ಬರತೈತೇನ್ರಿ?" ಎಂದು ಕೇಳಿದರು. ಆಗ ತಿಳಿಯಿತು.

ಎಚ್ಚರಾದ ಮೇಲೆ ನರ್ಸ್ ಮಾಲಾ, "ಅವ್ವಾರ, ಬ್ಯಾನಿ ಅದಾವೇನ್ರಿ?" ಎಂದಳು. ನಮ್ಮಲ್ಲಿ ಬ್ಯಾನಿ ಎಂದರೆ ಹೆರಿಗೆ ನೋವೂ ಹೌದಲ್ಲ. "ಬ್ಯಾನಿ ನನ್ನ ಮಗಳಿಗೆ ಬರೂದೈತಿ, ನನಗ್ಯಾಕ?" ಎಂದೆ. ವಾರ್ಡೇ ನಕ್ಕಿತು. ನಕ್ಕರೂ ಕೆಮ್ಮಿದರೂ ನನಗೆ ನೋಯಲಿಲ್ಲ. ಕೆಮ್ಮಿ ಕಫ ತೆಗೆಯಲೇಬೇಕಂತೆ, ಇಲ್ಲದಿದ್ದರೆ ಶ್ವಾಸಕೋಶ ಕೆಡುತ್ತದೆ. ಬ್ಯಾನಿ ತಿನ್ನುವವರಿಗೂ ಇಂಥದೇ ನಳಿಗೆಯನ್ನು ಸ್ವಲ್ಪ ಕೆಳಗೆ, ಸೊಂಟದ ಹತ್ತಿರ ಇಡುತ್ತಾರೆ ಎಂದಳು ಮಾಲಾ. ನಿನ್ನ ಡಾಕ್ಟರನ್ನೂ ಕೇಳಿ ನೋಡು. ಸೊಂಟ ಹೋಗುತ್ತದೆ ಎಂದು ಓಣಿಯವರು ಹೆದರಿಸಿದರೆ, ಆ ಮಾತನ್ನೂ ಡಾಕ್ಟರ ಮುಂದೆಯೇ ಇಡು.

ಬಿಸಿಲಲ್ಲಿ ತಿರುಗಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ದಾರಿ ಕಾಯುವ
ಅವ್ವ, ಅನ್ನಪೂರ್ಣಾ

ತಾ.ಕ.: ರೇಣು, ನನ್ನ ಆಪರೇಶನ್ ನಾಳೆ. ಮೇಲೆ ಹಾಕಿದ ತಾರೀಖೂ ಮುಂದಿನದು. ಎಚ್ಚರಾದ ಮೇಲೆ ಹೇಗಿರುತ್ತದೆ ಎಂಬುದನ್ನು ಇದೇ ಆಪರೇಶನ್ ಆಗಿರುವ ಪಕ್ಕದ ಹಾಸಿಗೆಯ ಹುಸೇನಮಾ ಅವರಿಂದ ಕೇಳಿ ಬರೆದೆ. ಮಾಲಾ ಎಲ್ಲರನ್ನೂ ಹಾಗೆಯೇ ಕೇಳುತ್ತಾಳೆ, ನನ್ನ ಉತ್ತರವನ್ನು ಈಗಲೇ ಯೋಚಿಸಿಟ್ಟಿದ್ದೇನೆ. ನನಗೆ ಹೆದರಿಕೆ ಇದೆ ಮಗಳೇ. ನಾನು ಕಣ್ಣು ತೆರೆದು ಮಾತಾಡಿದ ಮೇಲೆಯೇ ಇದನ್ನು ಟಪಾಲಿಗೆ ಹಾಕಬೇಕೆಂದು ನಿಮ್ಮಪ್ಪನಿಗೆ ಹೇಳಿದ್ದೇನೆ. ನಿನ್ನ ಕೈಗೆ ಬಂದಿದೆ ಎಂದರೆ, ಬರೆದದ್ದೆಲ್ಲ ನಿಜವಾಗಿದೆ.